ಬೋರಲು ಬಿದ್ದ ದೋಣಿ

ಸೆಪ್ಟೆಂಬರ್ ೯, ಮಂಗಳವಾರ

ಇನ್ನೊಂದು ಸಣ್ಣ ದೋಣಿ ಕೊಳ್ಳುವ ಮಾತು ಇವತ್ತಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. "ಅಣ್ಣ ತಮ್ಮ ಇಬ್ಬರೂ ಒಂದೇ ದೋಣೀಲಿ ಹೋಗ್ಬೇಡಿ. ಹೆಚ್ಚುಕಮ್ಮಿ ಆದ್ರೆ ಮನೇಲಿ ಯಾರು ಉಳೀತಾರೆ?" ಎಂದು ಹೆಂಡತಿ ದಿನಾ ಹೇಳುತ್ತಾಳೆ. ಅವಳ ಮಾತು ಸರಿಯೇ.

ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು, ದೋಣಿ ಕೇಳಲು ಬಲೆ ಹೆಣೆಯುವ ಅಜ್ಜಿಯ ಮನೆಗೆ ಹೋದೆ. ಹೋದ ವರ್ಷ ಕಡಲಿಗಿಳಿದ ಅವಳ ಗಂಡ ಮರಳಲಿಲ್ಲ. ದೋಣಿಯಷ್ಟೇ ದಡಕ್ಕೆ ಬಂತು. ಅಂದಿನಿಂದ ಅದು ಹಿತ್ತಲಿನ ಚಪ್ಪರದಡಿ ಬೋರಲಾಗಿ ಬಿದ್ದಿದೆ. ಇಬ್ಬರೂ ಸೇರಿ ಮಗುಚಿದೆವು. ಒಳಗಿನ ಹಲಗೆಗಳೆಲ್ಲ ಒದ್ದೆ. ಸಂದಿಯಲ್ಲಿ ಮೀನಿನ ಹುರುಪೆ ಹಸಿಹಸಿಯಾಗಿ ಅಂಟಿತ್ತು. ಮಳೆನೀರಿರಬೇಕು ಎಂದು ಬೆರಳು ತಾಗಿಸಿ ನಾಲಿಗೆಗಿಟ್ಟೆ. ಉಪ್ಪು.

ಪಕ್ಕದಲ್ಲಿದ್ದ ಹುಟ್ಟನ್ನು ಎತ್ತಿದ ತಮ್ಮ ತಟ್ಟನೆ ಕೆಳಗಿಟ್ಟ. "ಅಣ್ಣಾ, ಹಿಡಿ ಬೆಚ್ಚಗಿದೆ."

ನಾನೂ ಮುಟ್ಟಿದೆ. ಆಗಷ್ಟೇ ಯಾರೋ ಕೈ ಬಿಟ್ಟಂತಿತ್ತು.

ಹಿತ್ತಲ ಬಾಗಿಲಲ್ಲಿ ಕೂತಿದ್ದ ಅಜ್ಜಿ ಬಲೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದಿಷ್ಟು ದಿನ ತಾಳಪ್ಪ. ಅವರಿಗೂ ಸಾಕು ಅನ್ನಿಸಲಿ. ಆಮೇಲೆ ನಾನೇ ಹೇಳಿಕಳಿಸ್ತೀನಿ." ಗಂಡ ಸ್ನಾನಕ್ಕೆ ಹೋಗಿದ್ದಾರೆ ಎನ್ನುವಷ್ಟು ಸಹಜವಾಗಿತ್ತು ದನಿ. ನಾವು ದೋಣಿಯನ್ನು ಸದ್ದಾಗದಂತೆ ಮತ್ತೆ ಬೋರಲು ಹಾಕಿದೆವು.

"ಯಾವಾಗ ಕೊಳ್ತೀರಿ?" ಎಂದು ಮನೆಗೆ ಬಂದಾಗ ಹೆಂಡತಿ ಕೇಳಿದಳು.

"ಅವರು ಬಿಟ್ಟುಕೊಟ್ಟಾಗ," ಎಂದೆ. ಅವರು ಎಂದರೆ ಅಜ್ಜಿ ಎಂದುಕೊಂಡು ಒಲೆಯತ್ತ ತಿರುಗಿದಳು.

ನಾಳೆಯೂ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಬೇಕು. ಹಿಂದೆ ಇನ್ನೊಂದು ಹುಟ್ಟಿನ ಸದ್ದು ಕೇಳಿದರೆ ತಿರುಗಿ ನೋಡಬೇಡ ಎಂದು ತಮ್ಮನಿಗೆ ಹೇಳಬೇಕಿತ್ತು. ಅವನು ಆಗಲೇ ಮಲಗಿಬಿಟ್ಟಿದ್ದಾನೆ.