ಅಪ್ಪನ ಬಾಯೊಳಗಿನ ಗೂಟ

ಮಲ್ಲಟ
10 ಜುಲೈ 2025

ಪ್ರೀತಿಯ ಸಿದ್ರಾಮಣ್ಣನಿಗೆ,

ತಂಗಿಯ ನಮಸ್ಕಾರ. ದೇವದುರ್ಗದಲ್ಲಿ ನೀನು, ವೈನಿ, ಮಗು ಆರಾಮ ಇದ್ದೀರೆಂದು ತಿಳಿದಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತೇ ಇದೆ. ಮಾನ್ವಿಯ ಕಾಲೇಜಿನಿಂದ ನನ್ನ ಪ್ರವೇಶಕ್ಕೆ ಇನ್ನೂ ಕರೆ ಬಂದಿಲ್ಲ. ಎಳ್ಳಮವಾಸ್ಯೆಗೆ ಬಂದು ಹೋದ ಮೇಲೆ ನೀನು ಈ ಕಡೆ ಸುಳಿದಿಲ್ಲ. ಅಪ್ಪ ದಾರಿ ನೋಡುತ್ತಾನೆ.

ಮುಂದಿನ ಹಲ್ಲು ಹೋದಾಗಿನಿಂದ ಅಪ್ಪನಿಗೆ ಸಿಳ್ಳು ಬರುತ್ತಿಲ್ಲ, ಕುರಿಗಳು ದಿಕ್ಕಿಗೊಂದಾಗುತ್ತವೆ. ರಾಯಚೂರಿನ ಡಾಕ್ಟರ್ ಲತೀಫಾ ಅವರಲ್ಲಿ ಇಂಪ್ಲಾಂಟ್ ಹಾಕಿಸಿದೆವು. ದವಡೆಯ ಎಲುಬಿಗೆ ಕೂರಿಸುವ ಸಣ್ಣ ಸ್ಕ್ರೂ ಅದು. ಎಲುಬಿಗೆ ಬೆಸೆದುಕೊಂಡ ಮೇಲೆ ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಅದು ಎಷ್ಟು ಗಟ್ಟಿ ಕೂತಿದೆ ಎಂದು ನೋಡಲು ನಿನ್ನೆ ಅಳತೆ ಇತ್ತು.

ಡಾಕ್ಟರ್ ಆ ಸ್ಕ್ರೂಗೆ ಪುಟ್ಟ ಕಡ್ಡಿಯೊಂದನ್ನು ಸಿಕ್ಕಿಸಿ, ಪೆನ್ನಿನಂಥ ಯಂತ್ರವನ್ನು ತಾಗಿಸದೆ ಹತ್ತಿರ ಹಿಡಿದರು. ಕೀಂ ಎಂದು ಸದ್ದಾಯಿತು. ಹಾಕಿದ ದಿನ ಎಪ್ಪತ್ತು ತೋರಿಸಿತ್ತು, ಈಗ ಐವತ್ತೆಂಟು. ಹಲ್ಲು ಕಟ್ಟುವಷ್ಟು ಗಟ್ಟಿ ಇಲ್ಲ.

"ಕಾಕಾ, ಇದನ್ನ ಮುಟ್ಟೀರೇನು?" ಎಂದರು ಡಾಕ್ಟರ್.

"ದಿನಾ ಮುಂಜಾನಿ ಹೆಬ್ಬಟ್ಟಿಲೆ ಅಲ್ಲಾಡಿಸಿ ನೋಡ್ತೀನ್ರಿ," ಎಂದ ಅಪ್ಪ. "ಗೂಟ ಹೊಡದ ಮ್ಯಾಲೆ ಅಲ್ಲಾಡಿಸಿ ನೋಡದಿದ್ರ, ಆಕಳ ಕಿತ್ಕೊಂಡು ಹೋಗಂಗಿಲ್ಲೇನ್ರಿ?"

"ನಿಮ್ಮ ಬಾಯಾಗ ಯಾರೂ ಆಕಳ ಕಟ್ಟಂಗಿಲ್ಲ! ನೋಡಾಕ ಈ ಮಷಿನ್ ಅದ."

"ಮಷಿನ್ ನಿಮ್ಮ ಹತ್ರ ಅದರಿ. ನನ್ನ ಹತ್ರ ಹೆಬ್ಬಟ್ಟ ಅಷ್ಟ ಅದ."

ಡಾಕ್ಟರ್ ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ. ಆಮೇಲೆ ಅವರು ಮೆಲ್ಲಗೆ, "ಎರಡು ತಿಂಗಳು ಬಿಟ್ಟು ಮತ್ತ ಅಳಿಯೋಣು. ಅಷ್ಟರಾಗ ಅಲ್ಲಾಡಿಸಿದ್ರ ತಗದ ಹಾಕಬೇಕಾಗ್ತದ," ಎಂದರು.

ಬಸ್ಸಿನಲ್ಲಿ ಅಪ್ಪ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಕಲ್ಲೂರು ದಾಟಿದ ಮೇಲೆ ಬಾಯಿ ಬಿಟ್ಟ: "ಯವ್ವಾ, ನಿಮ್ಮಣ್ಣಗ ಬರಿ. ಹಲ್ಲ ಕೂತ ಮ್ಯಾಲೆ ಬರಲಿ. ಈ ಬಾಯಿ ನೋಡಿದ್ರ ಅವಗ ಸಂಕಟ ಆಗ್ತದ."

ಅಪ್ಪ ನಿಮಗೆಲ್ಲ ಆಶೀರ್ವಾದ ಹೇಳಿದ್ದಾನೆ. ಮಗುವಿಗೆ ನನ್ನ ಮುತ್ತು.

ನಿನ್ನ ತಂಗಿ,
ಲಲಿತಾ

ತಾ.ಕ.: ಹಲ್ಲು ಹ್ಯಾಂಗ ಹೋಯ್ತೆಂದು ಡಾಕ್ಟರ್ ಕೇಳಿದ್ದಕ್ಕೆ ಅಪ್ಪ ಟಗರು ಹಾಯಿತು ಎಂದ. ಎಳ್ಳಮವಾಸ್ಯೆಯ ದಿನ ಕುರಿ ಮಾರುವ ಜಗಳದಲ್ಲಿ ಅಪ್ಪನ ಮೇಲೆ ನಿನ್ನ ಕೈ ಎದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ನಾನು ನೋಡಿದ್ದು ಅಪ್ಪನಿಗೆ ಗೊತ್ತಿಲ್ಲ. ಹಲ್ಲು ಕೂರುವ ಮೊದಲೇ ಬಾ.