ಮದುವೆ ಚಪ್ಪರದಿಂದ ಒಯ್ದವರು

ಸುರಪುರ, ೨೧೮೭ನೆಯ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮೊದಲು ಬಾಳುತ್ತಿರುವವರಿಗೆ,

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎನ್ನಬೇಡಿ. ನೀವಿನ್ನೂ ಕಾಣದ ಒಂದು ದೊಡ್ಡ ಯುದ್ಧ ಮುಗಿದ ಮೇಲೆ ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಇಟ್ಟು ‘ಬಿಡುದಿನ’ ಎಂದು ಕರೆದರು. ಆಗ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ಅಲ್ಲಲ್ಲಿ ಹೊಸದೆನಿಸಿದರೆ ಕ್ಷಮೆ ಇರಲಿ. ಹೇಳಬೇಕಾದ ಸಂಗತಿ ಮಾತ್ರ ಹೊಸದಲ್ಲ.

ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ದೇವಿಂದ್ರಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ. ಯುದ್ಧದ ನಡುವೆ, ಕಡಲು ಏರಿ ಕರಾವಳಿಯ ಊರುಗಳನ್ನು ನುಂಗುತ್ತಿದ್ದಾಗ, ಕಡಲಗೋಡೆ ಮಂಡಳಿ ಎಂಬುದೊಂದು ಹುಟ್ಟಿತು. ಅದಕ್ಕೆ ಆಳು ಬೇಕಾಗಿತ್ತು. ಒಂದು ಮದುವೆಯಲ್ಲಿ, ಇನ್ನೇನು ಅಕ್ಕಿಕಾಳು ಬೀಳಬೇಕು ಎನ್ನುವಾಗ, ಸಿಪಾಯಿಗಳು ಚಪ್ಪರಕ್ಕೆ ನುಗ್ಗಿ ಬ್ಯಾಂಡಿನವರನ್ನೆಲ್ಲ ಕೆಂಪು ಕೋಟಿನಲ್ಲೇ ಲಾರಿ ಹತ್ತಿಸಿದರು. ಅವನ ಹೆಂಡತಿ, ನಮ್ಮ ಆಯಿ ಅಯ್ಯಮ್ಮ, ಆಗ ಬಸುರಿ. ಹೊಟ್ಟೆಯಲ್ಲಿದ್ದವಳು ನನ್ನ ಅವ್ವ ಸಾಬಮ್ಮ. ಮುತ್ಯಾ ತಿರುಗಿ ಬರಲಿಲ್ಲ. ಗೋಡೆ ಕಟ್ಟುವಾಗ ಸತ್ತನೆಂದು ಅವನ ಜೊತೆಯವನೊಬ್ಬ ಬಂದು ಹೇಳಿದ, ಅಷ್ಟೆ.

ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ, ಹೀಗೆ ಒಯ್ದವರ ಮನೆಗಳವರು ಸೇರಿ ಪರಿಹಾರ ಕೇಳಿದರು. ಮಂಡಳಿ ಅಷ್ಟರಲ್ಲಿ ಒಂದು ಕಂಪನಿಯ ಕೈಗೆ ಹೋಗಿತ್ತು. ಯಾರನ್ನೂ ಬಲವಂತದಿಂದ ಒಯ್ದಿಲ್ಲ, ದೇಶಸೇವೆಗೆಂದು ತಾವಾಗಿಯೇ ಲಾರಿ ಹತ್ತಿದರು ಎಂದಿತು ಕಂಪನಿ. ಆದರೂ ಕನಿಕರದಿಂದ ಮನೆಮನೆಗೂ ನೆರವು ಕೊಡುತ್ತೇವೆ, ನಮ್ಮವರು ಸ್ವಂತ ಇಚ್ಛೆಯಿಂದ ಹೋಗಿದ್ದರು ಎಂದು ಬರೆದುಕೊಟ್ಟರೆ ಸಾಕು ಎಂದಿತು. ಹಲವರು ಬರೆದುಕೊಟ್ಟರು. ಅವರನ್ನು ಆಯಿ ಒಂದು ದಿನವೂ ಆಡಿಕೊಳ್ಳಲಿಲ್ಲ. ಆದರೆ ತಾನು ಬರೆದುಕೊಡಲಿಲ್ಲ.

ಆಗ ನಾನು ಚಿಕ್ಕವಳು. ಧೂಳುಗಾಳಿಗೆ ನನ್ನ ಎದೆ ಕೆಟ್ಟು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆ ನೆರವು ಬಂದಿದ್ದರೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತಿತ್ತು. ಅವ್ವ ಬೇಡಿಕೊಂಡಳು, ಜಗಳಾಡಿದಳು. ಕೊನೆಗೆ ಹೇಳಿದಳು:

“ಸತ್ತಾಂವನ ಬಗ್ಗಿ ನೀ ಏನರೆ ಬರದು ಕೊಡು, ಅಂವಗೇನು ತಿಳಿತದ? ಈ ಕೂಸು ಜೀವಂತ ಅದ.”

ಆಯಿ ನನ್ನ ಬೆನ್ನು ನೀವುತ್ತಾ ಕೂತಳು. ಆಮೇಲೆ ಎಷ್ಟೋ ತಿಂಗಳು ಅವ್ವ ಅವಳಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ನ್ಯಾಯಾಲಯವೇ ಊರಿಗೆ ಬರುತ್ತದೆ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಕಾರಣ ಓಣಿಗೊಂದು ‘ತಂಪುಮನೆ’ ಇರುತ್ತದೆ: ನೆಲದಡಿಯ ದೊಡ್ಡ ಹಜಾರ. ಬಿಸಿಲಿಳಿಯುವತನಕ ಎಲ್ಲರೂ ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ, ಹಪ್ಪಳ ಲಟ್ಟಿಸುತ್ತಾರೆ, ಮಕ್ಕಳ ಪಾಠವೂ ಅಲ್ಲೇ. ಕಂಪನಿಯ ಮೇಲೆ ಆಯಿ ಹಾಕಿದ್ದ ದಾವೆಯ ವಿಚಾರಣೆ ಅಲ್ಲಿಯೇ ನಡೆಯಿತು. ಮಲಗಿದ್ದವರು ಎದ್ದು ಕೂತು ಕೇಳಿದರು.

ಗಂಡ ಹೋಗುವಾಗ ಏನು ಹೇಳಿದ ಎಂದು ನ್ಯಾಯಾಧೀಶರು ಕೇಳಿದರು. ಆಯಿ ಹೇಳಿದಳು: “ಏನೂ ಹೇಳಲಿಲ್ರಿ. ತಾನಾಗಿ ಹೋಗಾಂವ ಮನಿಗಿ ಬಂದು ಹೇಳಿ ಹೋಗ್ತಾನ್ರಿ.”

ಕಂಪನಿಯ ವಕೀಲರು ಮೆತ್ತಗೆ ಮಾತಾಡುವ ಮನುಷ್ಯ. ಆ ಗೋಡೆಯಿಂದ ಎಷ್ಟೋ ಊರುಗಳು ಉಳಿದಿವೆ, ಅದನ್ನು ನಿಮ್ಮ ಯಜಮಾನರ ತ್ಯಾಗ ಎಂದುಕೊಳ್ಳಬಾರದೇ ಎಂದು ಕೇಳಿದರು. 

“ಗ್ವಾಡಿ ಛಲೋ ಅದರಿ, ನಾ ಇಲ್ಲನ್ನಲ್ಲ,” ಎಂದಳು ಆಯಿ. “ಅಷ್ಟು ಛಲೋ ಕೆಲಸ ಇದ್ದಿದ್ರ, ಬರ್ತಿಯೇನಪಾ ಅಂತ ಅವನಿಗಿ ಒಂದು ಮಾತು ಕೇಳಬೇಕಿತ್ತಲ್ರಿ.”

ಹಪ್ಪಳ ಲಟ್ಟಿಸುವವರ ಕೈ ನಿಂತಿತು. ಆದರೆ ಅದು ಸಾಕ್ಷಿಯಲ್ಲ. ಚಪ್ಪರದಲ್ಲಿ ಆಯಿ ಇರಲಿಲ್ಲ; ಕಣ್ಣಾರೆ ಕಂಡವರು ಬೇಕು ಎಂದರು ವಕೀಲರು. ಅದು ಸರಿಯೂ ಇತ್ತು; ಮುತ್ಯಾನ ಆ ಜೊತೆಯವನು ಅಷ್ಟರಲ್ಲಿ ತೀರಿಕೊಂಡಿದ್ದ.

ಸಾಕ್ಷಿ ಬೇಕೆಂಬ ಸುದ್ದಿ ಊರೂರಿಗೆ ಹರಡಿ ಕೊನೆಗೆ ಶಂಕ್ರೆಮ್ಮ ಎಂಬ ಮುದುಕಿಯ ಕಿವಿಗೆ ಬಿತ್ತು. ಆ ಮದುವೆಯ ಮದುಮಗಳು ಅವಳೇ. ಕೇಳಿದವಳೇ ಕೋಲೂರಿಕೊಂಡು ನಮ್ಮೂರಿಗೆ ಬಂದಳು. ಸಿಪಾಯಿಗಳು ಬಂದದ್ದನ್ನು, ಬ್ಯಾಂಡಿನವರ ರಟ್ಟೆ ಹಿಡಿದು ಎಳೆದದ್ದನ್ನು ಅವಳು ಬಾಸಿಂಗ ಕಟ್ಟಿಕೊಂಡು ಕೂತಲ್ಲಿಂದಲೇ ಕಂಡಿದ್ದಳು. ಮದುವೆ ದಿನದ ಕೆಟ್ಟ ಸುದ್ದಿ ಆಡಬಾರದೆಂದು ಅತ್ತೆಮನೆಯವರು ಬಾಯಿ ಮುಚ್ಚಿಸಿದ್ದರು. ಆಮೇಲೆ, ನಾನೊಬ್ಬಳು ಹೇಳಿದರೆ ಏನಾದೀತು ಎಂದು ಅವಳೇ ಸುಮ್ಮನಿದ್ದಳು. ನಮ್ಮ ತಂಪುಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಎಲ್ಲರೆದುರು ಅತ್ತವಳು ಅವ್ವ. ತಂದೆಯ ಮುಖ ಹೇಗಿತ್ತೆಂದು ಅವಳು ಶಂಕ್ರೆಮ್ಮನನ್ನು ಕೇಳಿದಳು. ಗಲ್ಲ ಉಬ್ಬಿಸಿಕೊಂಡು ನುಡಿಸುತ್ತಿದ್ದ, ಅಷ್ಟೇ ನೆನಪು ಎಂದಳು ಆಕೆ.

ಬಲವಂತದಿಂದಲೇ ಒಯ್ದದ್ದು ಎಂದು ತೀರ್ಪಾಯಿತು. ಹಾಗೆ ಒಯ್ದವರ ಎಲ್ಲ ಮನೆಗಳಿಗೂ, ಬರೆದುಕೊಟ್ಟವರಿಗೂ ಸೇರಿ, ಪರಿಹಾರ ಸಿಕ್ಕಿತು. ನನ್ನ ಎದೆಯ ಪಾಲಿಗೆ ಅದು ತಡವಾಗಿತ್ತು. ಒಂದು ಮಗ್ಗುಲಿನ ಶ್ವಾಸಕೋಶ ಕೆಲಸ ನಿಲ್ಲಿಸಿತ್ತು. ಇದನ್ನು ಬರೆಯುವಾಗಲೂ ನಡುನಡುವೆ ಎದ್ದು ಉಸಿರು ತೆಗೆದುಕೊಳ್ಳುತ್ತಿದ್ದೇನೆ. ಆಯಿ ಮಾಡಿದ್ದು ಸರಿಯೋ, ಅವ್ವ ಕೇಳಿದ್ದು ಸರಿಯೋ, ನನಗೆ ಇಂದಿಗೂ ಹೇಳಲು ಬರುವುದಿಲ್ಲ. ತೀರ್ಪು ಕೇಳಿದ ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಅದನ್ನು ಮಾತ್ರ ಕಂಡಿದ್ದೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಇನ್ನೂ ಹುಟ್ಟದ ನಮ್ಮನ್ನು ನೆನೆದು ನೀವು ಏನೂ ತ್ಯಾಗ ಮಾಡಬೇಕಿಲ್ಲ. ನಿಮ್ಮ ಬೀದಿಯಿಂದ ಯಾರನ್ನಾದರೂ ಹೀಗೆ ಲಾರಿ ಹತ್ತಿಸಿದರೆ, ಕಂಡದ್ದನ್ನು ಅಂದೇ, ನಾಲ್ಕು ಜನರೆದುರು, ದನಿ ಎತ್ತಿ ಹೇಳಿ. ನಮ್ಮ ಶಂಕ್ರೆಮ್ಮನ ಹಾಗೆ ಮುದುಕಿಯಾಗುವತನಕ ಕಾಯಬೇಡಿ. ಅಷ್ಟರಲ್ಲಿ ಯಾವುದೋ ಒಂದು ಕೂಸಿನ ಉಸಿರು ಹೋಗಿರುತ್ತದೆ.

ನಿಮ್ಮ ಮುಂದಿನವಳು,
ಮಾಣಿಕಮ್ಮ