ನೀನು ಹಾಕಿದ ಎಲ್‌ಇಡಿ ಲೈಟು

ಮಹಾ ಮೆಕ್ಯಾನಿಕ್ ತಮ್ಮನಿಗೆ,

ನಾನು ಬಸ್ಸಿಗೆ ಹೋಗುತ್ತಿದ್ದೇನೆ. ನನ್ನ ಬೈಕಿಗೆ ನೀನು ಹಾಕಿದ ಎಲ್‌ಇಡಿ ಲೈಟು ರಸ್ತೆಯೊಂದನ್ನು ಬಿಟ್ಟು ಎಲ್ಲವನ್ನೂ, ಮರದ ಮೇಲಿನ ಕಾಗೆಗೂಡನ್ನೂ ತೋರಿಸುತ್ತದೆ. ಮುಂದೆ ನಿಂತು ಫೋಟೋ ಹೊಡೆದುಕೊಂಡೆಯಲ್ಲ, ಒಂದು ಸಲ ಸೀಟಿನ ಮೇಲೆ ಕೂತು ನೋಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನೆ ಸಂಜೆ ತಿರುವಿನಲ್ಲಿ ಅದು ಕಣ್ಣು ಕುಕ್ಕಿ, ಎದುರಿಗೆ ಬಂದ ಸೈಕಲ್ಲಿನವರು ಸೀದಾ ಮೋರಿಗಿಳಿದರು. ಎತ್ತಲು ಹೋಗಿ ನೋಡಿದರೆ ಅಪ್ಪ!

ಹಳೇ ಬಲ್ಬು ಎಲ್ಲಿ ಎಸೆದಿದ್ದೀಯೋ ಹುಡುಕಿ ಮೇಜಿನ ಮೇಲಿಡು. ಗಾಡಿ ಮಾತ್ರ ಮುಟ್ಟಬೇಡ.

ಅಪ್ಪನ ಮೊಣಕಾಲು ಊದಿದೆ, ಅವರು ಎದ್ದ ಮೇಲೆ ಮುಲಾಮು ಹಚ್ಚು. ನಿನ್ನೆ ರಾತ್ರಿ ನೀನು ಊರು ಸುತ್ತುತ್ತಿದ್ದಾಗ, "ಆ ಲೈಟ್ ಹಾಕಿದ ಗ್ಯಾರೇಜಿನವ್ನು ಕೈಗೆ ಸಿಗ್ಲಿ, ಚರ್ಮ ಸುಲೀತೀನಿ" ಅಂತ ಕೂಗಾಡುತ್ತಿದ್ದರು. ನಾನು ನಿನ್ನ ಹೆಸರು ಹೇಳಿಲ್ಲ. ಮುಲಾಮು ಹಚ್ಚುವಾಗ ನೀನೇ ಹೇಳು. ಹೇಗೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತೀಯ.

ಅಕ್ಕ